0.4 ಎಂಎಲ್ ಮತ್ತು 1 ಎಂಎಲ್: 860 ಗ್ರಾಂ ಕೂಸಿನ ರಕ್ತದಲ್ಲಿ ಫಂಗಸ್ ಹುಡುಕಿದ ಪ್ರಕರಣ

"ಡಾಕ್ಟ್ರಮ್ಮ, ಕೂಸು ಅಂಗೈಯಷ್ಟೂ ಇಲ್ಲ. ಇನ್ನೂ ಎಷ್ಟು ಸಲ ರಕ್ತ ತೆಗೀತೀರಾ?"

ಮಗುವಿನ ಅಜ್ಜಿ ಹೀಗೆ ಕೇಳಿದ್ದು ಮಗು ಹುಟ್ಟಿದ 19ನೇ ದಿನ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲಲ್ಲಿ. ಅವತ್ತು ನಾನು ಕೊಟ್ಟ ಉತ್ತರ ಅರ್ಧ ಮಾತ್ರ. ಉಳಿದ ಅರ್ಧ ಹೊಳೆಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಅದನ್ನು ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಮಗು, ಮನೆಯವರು, ಆಸ್ಪತ್ರೆ ಯಾರ ಗುರುತೂ ಸಿಗದಂತೆ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಎರಡು ವಾರ

ತಾಯಿಗೆ 23 ವರ್ಷ, ಚೊಚ್ಚಲ ಬಸಿರು. 27 ವಾರಕ್ಕೇ ನೀರು ಒಡೆದು ತಾಲ್ಲೂಕು ಆಸ್ಪತ್ರೆಯಿಂದ ಆಂಬ್ಯುಲೆನ್ಸ್‌ನಲ್ಲಿ ಬಂದರು. ಹೆಣ್ಣು ಮಗು ಹುಟ್ಟಿತು. ತೂಕ 860 ಗ್ರಾಂ. ಎರಡು ದಿನ ವೆಂಟಿಲೇಟರ್, ಆಮೇಲೆ ಮೂಗಿನಿಂದ ಒತ್ತಡದ ಗಾಳಿ ಕೊಡುವ ಸಿಪ್ಯಾಪ್. ಹೊಕ್ಕುಳಿನ ರಕ್ತನಾಳದಲ್ಲಿ ಹಾಕಿದ್ದ ಲೈನನ್ನು 7ನೇ ದಿನ ತೆಗೆದು ಕೈಗೆ ಪಿಕ್ ಲೈನ್ (ಕೈಯ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ಸಪೂರ ಕೊಳವೆ) ಹಾಕಿದೆವು. ಆ ಲೈನಿನಲ್ಲೇ ಗ್ಲೂಕೋಸ್, ಪ್ರೊಟೀನ್, ಕೊಬ್ಬಿನ ದ್ರಾವಣ ಹೋಗುತ್ತಿತ್ತು. ಮೂಗಿನ ನಳಿಕೆಯಲ್ಲಿ ತಾಯಿಯ ಹಾಲು ಸ್ವಲ್ಪ ಸ್ವಲ್ಪವೇ ಶುರುವಾಗಿತ್ತು.

8ನೇ ದಿನ ಮಗು ಎರಡು ಸಲ ಉಸಿರು ನಿಲ್ಲಿಸಿತು. ಬ್ಯಾಕ್ಟೀರಿಯಾ ಸೋಂಕು ಇರಬಹುದು ಅಂತ ಬ್ಲಡ್ ಕಲ್ಚರ್ (ರಕ್ತವನ್ನು ಬಾಟಲಿಯಲ್ಲಿಟ್ಟು ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆ) ಕಳಿಸಿ ಮೆರೊಪೆನೆಮ್ ಶುರು ಮಾಡಿದೆವು. 48 ಗಂಟೆಯಾದರೂ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಮಗುವೂ ಚೇತರಿಸಿಕೊಂಡಿತು. ಆಗಲೇ ಔಷಧಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಇರಲಿ, ಏಳು ದಿನ ಮುಗಿಸೋಣ" ಅಂದವಳು ನಾನೇ. ಇದು ನನ್ನ ತಪ್ಪು. ಇಂಥ ಬಲವಾದ ಆಂಟಿಬಯಾಟಿಕ್ ಕರುಳಿನ ಬ್ಯಾಕ್ಟೀರಿಯಾಗಳನ್ನೆಲ್ಲ ಸವರಿ ಹಾಕುತ್ತದೆ. ಖಾಲಿಯಾದ ಆ ಜಾಗವನ್ನು ಕ್ಯಾಂಡಿಡಾ ಅನ್ನುವ ಯೀಸ್ಟ್ ಜಾತಿಯ ಫಂಗಸ್ ಹಿಡಿಯುತ್ತದೆ. ಕ್ಯಾಂಡಿಡಾ ನಮ್ಮ ನಿಮ್ಮ ಬಾಯಿ, ಕರುಳು, ಚರ್ಮದಲ್ಲೂ ಇರುತ್ತದೆ, ಆದರೆ ನಮಗೆ ಏನೂ ಮಾಡುವುದಿಲ್ಲ. 27 ವಾರಕ್ಕೆ ಹುಟ್ಟಿದ ಮಗುವಿನ ಚರ್ಮ ತೆಳು, ಕರುಳಿನ ಗೋಡೆ ತೆಳು, ಬಿಳಿ ರಕ್ತಕಣಗಳಿಗೆ ಇನ್ನೂ ಕೆಲಸ ಗೊತ್ತಿಲ್ಲ. ಅದರ ಮೇಲೆ ರಕ್ತನಾಳದಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ, ಅದರಲ್ಲಿ ಸಕ್ಕರೆ ಮತ್ತು ಕೊಬ್ಬು. ಫಂಗಸ್‌ಗೆ ಇನ್ನೇನು ಬೇಕು?

12ನೇ ದಿನ ಹಿಮೋಗ್ಲೋಬಿನ್ ಕಡಿಮೆಯಾಗಿ ರಕ್ತ ಕೊಟ್ಟೆವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

15ನೇ ದಿನದ ಬಾಟಲಿ

15ನೇ ದಿನ ಬೆಳಗಿನ ಜಾವ ಡ್ಯೂಟಿಯಲ್ಲಿದ್ದ ಸಿಸ್ಟರ್ ಹೇಳಿದ್ದು ಇಷ್ಟೇ: "ಮೇಡಂ, ಮಗು ಯಾಕೋ ನಿನ್ನೆ ಥರ ಇಲ್ಲ." ನಮ್ಮ ಕೆಲಸದಲ್ಲಿ ಈ ಒಂದು ವಾಕ್ಯಕ್ಕಿಂತ ಬೇಗ ಬರುವ ರಿಪೋರ್ಟ್ ಯಾವುದೂ ಇಲ್ಲ. ಮಗು ಬೂದು ಬಣ್ಣಕ್ಕೆ ತಿರುಗಿತ್ತು. ಕುಡಿಸಿದ ಹಾಲು ಹೊಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ರಾತ್ರಿ ನಾಲ್ಕು ಸಲ ಉಸಿರು ನಿಂತಿತ್ತು. ಗ್ಲೂಕೋಸ್ ಜಾಸ್ತಿ ಮಾಡದಿದ್ದರೂ ರಕ್ತದ ಸಕ್ಕರೆ 210ಕ್ಕೆ ಏರಿತ್ತು. ಪ್ಲೇಟ್‌ಲೆಟ್ ಮೂರು ದಿನದ ಹಿಂದೆ 1.8 ಲಕ್ಷ ಇದ್ದದ್ದು 62,000ಕ್ಕೆ ಇಳಿದಿತ್ತು. ಸೋಂಕು ಇದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ 28.

ಸಕ್ಕರೆ ಏರುವುದು, ಪ್ಲೇಟ್‌ಲೆಟ್ ಕುಸಿಯುವುದು ಫಂಗಲ್ ಸೋಂಕಿನಲ್ಲಿ ತುಂಬಾ ಕಾಣುವ ಜೋಡಿ. ಆದರೆ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಬಂದರೂ ಹೀಗೇ ಆಗುತ್ತದೆ. ಮಗುವಿನ ಮುಖ ನೋಡಿ ಇದು ಬ್ಯಾಕ್ಟೀರಿಯಾ, ಇದು ಫಂಗಸ್ ಅಂತ ಬೇರೆ ಮಾಡಿ ಹೇಳಲು ಯಾರಿಂದಲೂ ಆಗದು. ಪರೀಕ್ಷೆ ಬೇಕೇ ಬೇಕು.

ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದದ್ದು ಒಬ್ಬ ಕಿರಿಯ ಡಾಕ್ಟರ್. ಒಳ್ಳೆಯ ಹುಡುಗ, ಕೈ ಮೃದು. ರಕ್ತ ಹನಿ ಹನಿಯಾಗಿ ಬರುತ್ತಿತ್ತು. ಪಾಪ, ಇಷ್ಟು ಚಿಕ್ಕ ಮಗು, ಸಾಕು ಅಂತ ಸೂಜಿ ತೆಗೆದ. ಬಾಟಲಿಗೆ ಹೋದದ್ದು 0.4 ಎಂಎಲ್. ನಾನು ಹಾಳೆಯಲ್ಲಿ ಅದನ್ನು ನೋಡಿದೆ. ಏನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂದರೆ ಅವನ ಮನಸ್ಸು ನನಗೆ ಗೊತ್ತಿತ್ತು. ಹಸುಗೂಸಿನ ಮೈಯಲ್ಲಿ ಕೆಜಿಗೆ ಸುಮಾರು 85 ಎಂಎಲ್ ರಕ್ತ ಇರುತ್ತದೆ. 860 ಗ್ರಾಂ ಮಗುವಿನ ಇಡೀ ಮೈಯಲ್ಲಿ ಇರುವುದು ಹೆಚ್ಚುಕಮ್ಮಿ 73 ಎಂಎಲ್. ಹೋಟೆಲಲ್ಲಿ ಬೈ-ಟೂ ಕಾಫಿ ಹೇಳಿದರೆ ಒಬ್ಬರ ಪಾಲಿಗೆ ಬರುತ್ತದಲ್ಲ, ಅಷ್ಟು. ಅದರಿಂದ 1 ಎಂಎಲ್ ತೆಗೆಯುವುದೂ 60 ಕೆಜಿ ತೂಕದ ದೊಡ್ಡವರಿಂದ ಸುಮಾರು 60 ಎಂಎಲ್ ತೆಗೆಯುವುದೂ ಒಂದೇ. ಎನ್‌ಐಸಿಯುನಲ್ಲಿ ನಾವು ತೆಗೆದ ಒಂದೊಂದು ಹನಿಯನ್ನೂ ಬರೆದಿಡುತ್ತೇವೆ. ಹೆಚ್ಚು ತೆಗೆದರೆ ಅಷ್ಟನ್ನು ಮತ್ತೆ ತುಂಬಬೇಕು.

ಆದರೆ ಕಲ್ಚರ್ ಬಾಟಲಿಯ ಲೆಕ್ಕವೇ ಬೇರೆ. ಅಲ್ಲಿ ನಾವು ರಕ್ತದಲ್ಲಿ ಕರಗಿರುವ ಉಪ್ಪನ್ನೋ ಸಕ್ಕರೆಯನ್ನೋ ಅಳೆಯುತ್ತಿಲ್ಲ. ಬಿಡಿ ಬಿಡಿಯಾಗಿ ತೇಲುತ್ತಿರುವ ಜೀವಕೋಶಗಳನ್ನು ಹಿಡಿಯುತ್ತಿದ್ದೇವೆ. ಹಂಡೆ ನೀರಿಗೆ ಒಂದು ಚಿಟಿಕೆ ಸಾಸಿವೆ ಹಾಕಿ ಕಲಕಿ, ಒಂದು ಚಮಚ ಮೊಗೆದು ನೋಡಿ. ಕಾಳು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಚಮಚ ಖಾಲಿ ಬಂತು ಅಂತ ಹಂಡೆಯಲ್ಲಿ ಸಾಸಿವೆ ಇಲ್ಲ ಅನ್ನಲು ಆಗುತ್ತದಾ? ಕ್ಯಾಂಡಿಡಾ ಸೋಂಕಿನಲ್ಲಿ ಎಷ್ಟೋ ಸಲ ಒಂದು ಎಂಎಲ್ ರಕ್ತಕ್ಕೆ ಒಂದು ಕೋಶವೂ ಇರುವುದಿಲ್ಲ. ಸರಾಸರಿ ಒಂದು ಇದೆ ಅಂತಲೇ ಇಟ್ಟುಕೊಳ್ಳೋಣ. ಆಗ 0.4 ಎಂಎಲ್‌ನಲ್ಲಿ ಕನಿಷ್ಠ ಒಂದು ಕೋಶ ಸಿಗುವ ಸಾಧ್ಯತೆ ಶೇಕಡ 33. 1 ಎಂಎಲ್ ತೆಗೆದರೆ ಶೇಕಡ 63. 2 ಎಂಎಲ್‌ಗೆ ಶೇಕಡ 86. ಇದು ಬರೀ ಗಣಿತ, ಆದರೆ ಹಾಸಿಗೆಯ ಪಕ್ಕ ನಿಂತಾಗ ನಮಗೆ ಈ ಗಣಿತ ಮರೆತುಹೋಗುತ್ತದೆ.

ಅದರ ಮೇಲೆ, ರಕ್ತದಿಂದ ಹೊರಬಿದ್ದು ಕಿಡ್ನಿ, ಲಿವರ್, ಮೆದುಳಲ್ಲಿ ಕೂತ ಫಂಗಸ್ ರಕ್ತದಲ್ಲಿ ಆಗಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ದೊಡ್ಡವರಲ್ಲೂ, ಬೇಕಾದಷ್ಟು ರಕ್ತ ತೆಗೆದರೂ, ಬ್ಲಡ್ ಕಲ್ಚರ್ ಒಟ್ಟಾರೆ ಅರ್ಧದಷ್ಟು ಪ್ರಕರಣಗಳನ್ನು ಮಾತ್ರ ಹಿಡಿಯುತ್ತದೆ ಅನ್ನುವುದು ಒಪ್ಪಿತ ಅಂದಾಜು. ಹಾಗಿದ್ದ ಮೇಲೆ 0.4 ಎಂಎಲ್‌ನಿಂದ ಏನು ನಿರೀಕ್ಷೆ ಮಾಡುವುದು?

17ನೇ ದಿನ, ಸಂಜೆ ನಾಲ್ಕು ಗಂಟೆ

ಎರಡು ದಿನದ ಮೇಲೆ ಲ್ಯಾಬ್‌ನಿಂದ ರಿಪೋರ್ಟ್ ಬಂತು: 48 ಗಂಟೆಯಲ್ಲಿ ಬೆಳವಣಿಗೆ ಇಲ್ಲ. ಮಗು ಮತ್ತೆ ವೆಂಟಿಲೇಟರ್‌ಗೆ ಹೋಗಿತ್ತು. ಪ್ಲೇಟ್‌ಲೆಟ್ 28,000. ರೌಂಡ್ಸ್‌ನಲ್ಲಿ ಒಬ್ಬರು "ಕಲ್ಚರ್ ನೆಗೆಟಿವ್ ಇದೆಯಲ್ಲ, ಆಂಟಿಬಯಾಟಿಕ್ ಬದಲಿಸಿ ನೋಡೋಣ" ಅಂದರು. ಆಗ ನನ್ನ ಕಣ್ಣಿಗೆ ಮತ್ತೆ ಬಿದ್ದದ್ದು ಆ ಹಾಳೆಯಲ್ಲಿದ್ದ 0.4. ನಾವು ಕೇಳಿದ ಪ್ರಶ್ನೆಯೇ ಪಿಸುಮಾತಿನಂತಿತ್ತು. ಉತ್ತರ ಬರಲಿಲ್ಲ ಅಂತ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡೆವು.

ಇದನ್ನು ಫಂಗಸ್ ಅಂತಲೇ ಹಿಡಿದು ಮುಂದುವರಿಯೋಣ ಅಂತ ಅವತ್ತು ತೀರ್ಮಾನ ಮಾಡಿದೆ. ಆದರೆ ಯಾವ ಸ್ಯಾಂಪಲ್ ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ ಹತ್ತು ನಿಮಿಷ ಕೂತು ಯೋಚಿಸಿದೆವು. ಈ ಪ್ರಕರಣದಲ್ಲಿ ನಾವು ಸರಿಯಾಗಿ ಮಾಡಿದ ಕೆಲಸ ಅಂದರೆ ಆ ಹತ್ತು ನಿಮಿಷ.

ಮೊದಲು ರಕ್ತ. ಈ ಸಲ ಪೂರ್ತಿ 1 ಎಂಎಲ್, ಕೈಯ ರಕ್ತನಾಳದಿಂದ. ಪಿಕ್ ಲೈನಿನಿಂದ ತೆಗೆಯಲು ಆಗುವುದಿಲ್ಲ. ಈ ತೂಕದ ಮಗುವಿಗೆ ಹಾಕುವ ಲೈನ್ ಎಷ್ಟು ಸಪೂರ ಅಂದರೆ ರಕ್ತ ಎಳೆದರೆ ಅಲ್ಲೇ ಹೆಪ್ಪುಗಟ್ಟಿ ಲೈನೇ ಹೋಗುತ್ತದೆ. ಸೂಜಿ ಹಿಡಿದದ್ದು ಅದೇ ಕಿರಿಯ ಡಾಕ್ಟರ್, ನಾನು ಪಕ್ಕದಲ್ಲಿ ನಿಂತಿದ್ದೆ.

ಎರಡನೆಯದು ಬೀಟಾ-ಡಿ-ಗ್ಲೂಕನ್ ಪರೀಕ್ಷೆಗೆ 0.5 ಎಂಎಲ್. ಬಹಳಷ್ಟು ಫಂಗಸ್‌ಗಳ ಕೋಶದ ಗೋಡೆಯಲ್ಲಿ ಇರುವ ಒಂದು ಸಕ್ಕರೆ ಸರಪಳಿ ಇದು. ಫಂಗಸ್ ಬೆಳೆಯುವಾಗ ರಕ್ತಕ್ಕೆ ಉದುರುತ್ತದೆ. ನಮ್ಮಲ್ಲಿ ಈ ಪರೀಕ್ಷೆ ಇಲ್ಲ, ದೂರದ ಲ್ಯಾಬ್‌ಗೆ ಹೋಗಬೇಕು. ಇದನ್ನು ಪ್ಲೇಟ್‌ಲೆಟ್ ಕೊಡುವ ಮೊದಲೇ ತೆಗೆಯಬೇಕು ಅಂತ ನಾನು ಹಠ ಹಿಡಿದೆ. ಯಾಕೆಂದರೆ ರಕ್ತ ಮತ್ತು ಅದರ ಭಾಗಗಳನ್ನು ತಯಾರಿಸುವಾಗ ಬಳಸುವ ಕೆಲವು ಫಿಲ್ಟರ್‌ಗಳಿಂದ, ಹತ್ತಿಯ ಗಾಜ್ ಬಟ್ಟೆಯಿಂದ ಕೂಡ ಗ್ಲೂಕನ್ ಸ್ಯಾಂಪಲ್‌ಗೆ ಸೇರಿ ಸುಳ್ಳು ಪಾಸಿಟಿವ್ ಬರುತ್ತದೆ. ಹಿಂದೆ ರಕ್ತ ಕೊಟ್ಟದ್ದು ನೆನಪಿದೆಯಾ? ಐದು ದಿನವಾಗಿತ್ತು. ಅದರ ನೆರಳು ಬಿದ್ದಿರಬಹುದು ಅಂತ ಫಾರ್ಮ್ ಮೇಲೆ ಬರೆದೇ ಕಳಿಸಿದೆವು.

ಮೂರನೆಯದು ಮೂತ್ರ. ಇದಕ್ಕೆ ಒಂದು ಹನಿ ರಕ್ತವೂ ಬೇಡ, ಆದರೂ ಇದನ್ನೇ ಜಾಸ್ತಿ ಮರೆಯುತ್ತೇವೆ. ಮೈಗೆ ಚೀಲ ಅಂಟಿಸಿ ಹಿಡಿದ ಮೂತ್ರದಿಂದ ಪ್ರಯೋಜನವಿಲ್ಲ, ಚರ್ಮದ ಮೇಲಿನ ಕ್ಯಾಂಡಿಡಾ ಅದಕ್ಕೆ ಸೇರುತ್ತದೆ. ಹೊಟ್ಟೆಯ ಕೆಳಗೆ ಸೂಜಿ ಹಾಕಿ ತೆಗೆಯುವುದು ಒಳ್ಳೆಯ ದಾರಿ. ಪ್ಲೇಟ್‌ಲೆಟ್ 28,000 ಇರುವಾಗ ಅದು ಬೇಡ ಅಂತ, ಶುಚಿ ಮಾಡಿ ಸಣ್ಣ ಫೀಡಿಂಗ್ ಟ್ಯೂಬನ್ನೇ ಕ್ಯಾಥೆಟರ್ ಮಾಡಿಕೊಂಡು ತೆಗೆದೆವು.

ಮೆದುಳಿಗೆ ಸೋಂಕು ಹೋಗಿದೆಯಾ ನೋಡಲು ಬೆನ್ನಿನಿಂದ ನೀರು ತೆಗೆಯುವುದನ್ನು ಮಾತ್ರ ಮುಂದಕ್ಕೆ ಹಾಕಿದೆವು. ಪ್ಲೇಟ್‌ಲೆಟ್ ಕೊಟ್ಟು, ಏರಿದ ಮೇಲೆ ಅಂತ.

ಸ್ಯಾಂಪಲ್‌ಗಳು ಹೊರಟ ಕೂಡಲೇ, ಯಾವ ರಿಪೋರ್ಟ್‌ಗೂ ಕಾಯದೆ ಫಂಗಸ್ ಕೊಲ್ಲುವ ಆಂಫೋಟೆರಿಸಿನ್ ಬಿ ಶುರು ಮಾಡಿದೆವು, ದಿನಕ್ಕೆ ಕೆಜಿಗೆ 1 ಮಿಲಿಗ್ರಾಂ. ಹಳೆಯ, ಸಾದಾ ಔಷಧಿ. ಕೊಬ್ಬಿನ ಹೊದಿಕೆಯ ಹೊಸ ರೂಪ ಕಿಡ್ನಿಗೆ ಮೃದು ನಿಜ, ಆದರೆ ಅದು ಕಿಡ್ನಿಯೊಳಗೆ ಇಳಿಯುವುದು ಕಡಿಮೆ. ನನಗೆ ಕಿಡ್ನಿಯ ಮೇಲೇ ಅನುಮಾನ ಇತ್ತು. ಫಂಗಸ್‌ನ ಇನ್ನೊಂದು ಔಷಧಿ ಫ್ಲುಕೋನಜೋಲ್ ಕೊಡಬಹುದಿತ್ತು. ಯಾವ ಜಾತಿ ಅಂತ ಗೊತ್ತಿಲ್ಲದೆ ಕೊಡಲು ಧೈರ್ಯ ಬರಲಿಲ್ಲ. ನಮ್ಮ ದೇಶದ ಎನ್‌ಐಸಿಯುಗಳಲ್ಲಿ ಅಲ್ಬಿಕಾನ್ಸ್ ಅನ್ನುವ ಮಾಮೂಲಿ ಜಾತಿ ಅಲ್ಲದ ಕ್ಯಾಂಡಿಡಾ ಸಾಕಷ್ಟಿದೆ. ಕ್ರುಸಿ ಅನ್ನುವ ಜಾತಿಗಂತೂ ಫ್ಲುಕೋನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಮೈಕ್ರೋಬಯಾಲಜಿ ಲ್ಯಾಬ್‌ಗೆ ಫೋನ್ ಮಾಡಿ "ಫಂಗಸ್ ಅಂತ ಅನುಮಾನ, ಕೊಬ್ಬಿನ ದ್ರಾವಣ ನಡೀತಿದೆ, ಮೆರೊಪೆನೆಮ್ ಏಳು ದಿನ ಆಗಿದೆ" ಅಂದೆ. ಅಲ್ಲಿನ ಮೇಡಂ ಕೂಡಲೇ ಕೇಳಿದರು: "ಹಾಗಾದರೆ ಆಲಿವ್ ಎಣ್ಣೆ ಹಾಕಿದ ಒಂದು ಪ್ಲೇಟನ್ನೂ ಇಡಲಾ?" ಮಲಸೀಜಿಯಾ ಅನ್ನುವ ಇನ್ನೊಂದು ಯೀಸ್ಟ್ ಇದೆ. ಕೊಬ್ಬಿನ ದ್ರಾವಣ ಹೋಗುವ ಲೈನ್‌ಗಳಲ್ಲಿ ಸೇರಿಕೊಳ್ಳುತ್ತದೆ, ಅದರ ಹೆಚ್ಚಿನ ಜಾತಿಗಳು ಎಣ್ಣೆ ಇಲ್ಲದ ಮಾಮೂಲಿ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ನಾನು ಫೋನ್ ಮಾಡದೆ ಬರೀ ಫಾರ್ಮ್ ಕಳಿಸಿದ್ದರೆ ಆ ಪ್ಲೇಟ್ ಯಾರೂ ಇಡುತ್ತಿರಲಿಲ್ಲ. ನಮ್ಮ ಮಗುವಿಗೆ ಅದು ಇರಲಿಲ್ಲ ಅನ್ನುವುದು ಬೇರೆ ಮಾತು.

ಸ್ಲೈಡ್ ಮೊದಲು ಹೇಳಿತು

ಒಂದು ಗಂಟೆಯೊಳಗೆ ಲ್ಯಾಬ್‌ನಿಂದ ತಿರುಗಿ ಫೋನ್ ಬಂತು. ಮೂತ್ರದ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ ಗ್ರಾಮ್ ಸ್ಟೇನ್ ಮಾಡಿ ನೋಡಿದ್ದರು. ಮೊಳಕೆ ಒಡೆಯುತ್ತಿರುವ ಯೀಸ್ಟ್ ಕೋಶಗಳು, ಜೊತೆಗೆ ಸರಪಳಿಯಂತೆ ಉದ್ದಕ್ಕೆ ಕೂಡಿಕೊಂಡ ಎಳೆಗಳು. ಇಡೀ ಪ್ರಕರಣದಲ್ಲಿ ನಮಗೆ ಸಿಕ್ಕ ಮೊದಲ ಗಟ್ಟಿ ಸುಳಿವು ಇದು. ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ. ಸ್ಲೈಡ್, ಬಣ್ಣ, ಮೈಕ್ರೋಸ್ಕೋಪು, ನೋಡಲು ಬಲ್ಲ ಒಂದು ಜೋಡಿ ಕಣ್ಣು.

"ಮೂತ್ರದಲ್ಲಿ ಯೀಸ್ಟ್ ಇದ್ದೇ ಇರುತ್ತೆ ಬಿಡಿ" ಅನ್ನುವ ಮಾತು ದೊಡ್ಡವರ ವಾರ್ಡಿನಿಂದ ಬಂದದ್ದು. ಅಲ್ಲಿ ಅದು ಎಷ್ಟೋ ಸಲ ನಿಜವೂ ಹೌದು. ಸಾವಿರ ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಆ ಮಾತನ್ನು ತರಬಾರದು. ಇವರಲ್ಲಿ ಸರಿಯಾಗಿ ತೆಗೆದ ಮೂತ್ರದಲ್ಲಿ ಕ್ಯಾಂಡಿಡಾ ಸಿಕ್ಕರೆ ರಕ್ತದಲ್ಲಿ ಸಿಕ್ಕಷ್ಟೇ ಗಂಭೀರ. ಮಾರನೆಯ ದಿನ ಎಣಿಸಿದಾಗ ಅದು ಒಂದು ಎಂಎಲ್‌ಗೆ 10,000ದ ಗೆರೆಯನ್ನು ದಾಟಿತ್ತು.

18ನೇ ದಿನ ಪ್ಲೇಟ್‌ಲೆಟ್ 70,000ಕ್ಕೆ ಏರಿದ ಮೇಲೆ ಬೆನ್ನಿನ ನೀರು ತೆಗೆದೆವು. ಬಿಳಿ ಕಣ 9. ಸಕ್ಕರೆ, ಪ್ರೊಟೀನ್ ಎರಡೂ ಈ ವಯಸ್ಸಿನ ಮಗುವಿಗೆ ಇರಬಹುದಾದಷ್ಟೇ. ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ. ಖುಷಿ ಪಡಬೇಕಾ? ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕ್ಯಾಂಡಿಡಾ ಮೆನಿಂಜೈಟಿಸ್‌ನಲ್ಲಿ (ಮೆದುಳಿನ ಪೊರೆಯ ಸೋಂಕಿನಲ್ಲಿ) ಬೆನ್ನಿನ ನೀರು ನೋಡಲು ಮಾಮೂಲಾಗೇ ಇದ್ದು ಕಲ್ಚರ್ ಮಾತ್ರ ಪಾಸಿಟಿವ್ ಬರುವುದುಂಟು. ರಕ್ತ ನೆಗೆಟಿವ್ ಇದ್ದು ಮೆದುಳಲ್ಲಿ ಸೋಂಕು ಇರುವುದೂ ಉಂಟು. ಇಲ್ಲಿ ಹೆಚ್ಚುಕಮ್ಮಿ ಒಂದು ದಿನದ ಆಂಫೋಟೆರಿಸಿನ್ ಬೇರೆ ಆಗಿತ್ತು. ಹಾಗಾಗಿ ಈ "ಇಲ್ಲ"ವನ್ನೂ ನಾನು ಅರ್ಧ ಮಾತ್ರ ನಂಬಿದೆ. ವಾರಕ್ಕೊಂದು ಸಲ ನೆತ್ತಿಯ ಮೇಲಿಂದ ಮೆದುಳಿನ ಸ್ಕ್ಯಾನ್ ಮಾಡುತ್ತಾ ಹೋದೆವು. ಕೊನೆಯವರೆಗೂ ಅದು ಚೆನ್ನಾಗೇ ಇತ್ತು.

ಮಧ್ಯರಾತ್ರಿಯ ಫೋನ್

18ನೇ ದಿನ ರಾತ್ರಿ ಹನ್ನೆರಡು ದಾಟಿತ್ತು. 1 ಎಂಎಲ್‌ನ ಬಾಟಲಿ ಯಂತ್ರಕ್ಕೆ ಹೋಗಿ 31 ಗಂಟೆ ಆದಾಗ, ಏನೋ ಬೆಳೆಯುತ್ತಿದೆ ಅಂತ ಬೀಪ್ ಆಯಿತು. ಡ್ಯೂಟಿಯಲ್ಲಿದ್ದ ಟೆಕ್ನಿಷಿಯನ್ ಬೆಳಗಾಗಲಿ ಅಂತ ಬಿಡದೆ ಸ್ಲೈಡ್ ಮಾಡಿ ನೋಡಿ ಫೋನ್ ಮಾಡಿದರು. "ಮೇಡಂ, ಯೀಸ್ಟ್." ಬ್ಯಾಕ್ಟೀರಿಯಾಗಳಲ್ಲಿ ಕೆಲವು ಚರ್ಮದಿಂದ ತಪ್ಪಿ ಬಾಟಲಿಗೆ ಬಿದ್ದವು ಅಂತ ತಳ್ಳಿಹಾಕಬಹುದು. ರಕ್ತದ ಕಲ್ಚರ್‌ನಲ್ಲಿ ಬಂದ ಕ್ಯಾಂಡಿಡಾವನ್ನು ಹಾಗೆ ತಳ್ಳಿಹಾಕುವಂತಿಲ್ಲ, ಒಂದೇ ಬಾಟಲಿಯಲ್ಲಿ ಬಂದರೂ ಸರಿ.

19ನೇ ದಿನ ಬೆಳಿಗ್ಗೆ ಪಿಕ್ ಲೈನ್ ತೆಗೆದೆವು. ಕ್ಯಾಂಡಿಡಾ ಪ್ಲಾಸ್ಟಿಕ್ ಮೇಲೆ ಅಂಟು ಪದರ ಕಟ್ಟಿಕೊಂಡು ಕೂರುತ್ತದೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಲೈನ್ ಇಟ್ಟುಕೊಂಡು ಔಷಧಿ ಕೊಡುವುದು ಅಂದರೆ ಬೇರು ಬಿಟ್ಟು ಎಲೆ ಕೀಳುವ ಕೆಲಸ. ತೆಗೆದ ಮೇಲೆ ರಕ್ತನಾಳ ಹುಡುಕಲು ಸಿಸ್ಟರ್‌ಗಳು ಪಟ್ಟ ಪಾಡು ಹೇಳಿ ಮುಗಿಯುವುದಿಲ್ಲ.

ಅಜ್ಜಿ ಕೇಳಿದ್ದು ಆ ಬೆಳಿಗ್ಗೆಯೇ. ಔಷಧಿ ಕೆಲಸ ಮಾಡುತ್ತಿದೆಯಾ ನೋಡಲು ಮತ್ತೆ 1 ಎಂಎಲ್ ತೆಗೆದಿದ್ದೆವು. ಇದು ಏನು ಸೋಂಕು ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತು, "ಉಪ್ಪಿನಕಾಯಿ ಮೇಲೆ ಬೂಷ್ಟು ಬರ್ತದಲ್ಲ, ಅದಾ?" ಅಂದರು. "ಹೆಚ್ಚುಕಮ್ಮಿ ಅದೇ ಕುಲದ್ದು ಅಜ್ಜಿ, ಆದರೆ ಇದು ಕಣ್ಣಿಗೆ ಕಾಣಲ್ಲ. ರಕ್ತದಲ್ಲಿ ಇದೆಯಾ ಹೋಯಿತಾ ಅಂತ ತಿಳಿಯೋಕೆ ರಕ್ತಾನೇ ನೋಡಬೇಕು" ಅಂದೆ. ಅಲ್ಲಿಗೆ ನಿಲ್ಲಿಸಿದೆ.

ಲ್ಯಾಬ್‌ನಲ್ಲಿ ಅವತ್ತು ಆ ಯೀಸ್ಟನ್ನು ಮನುಷ್ಯರ ಸೀರಂನಲ್ಲಿ ಹಾಕಿ 37 ಡಿಗ್ರಿಯಲ್ಲಿ ಇಟ್ಟರು. ಅಲ್ಬಿಕಾನ್ಸ್ ಆಗಿದ್ದರೆ ಎರಡು ಮೂರು ಗಂಟೆಯಲ್ಲಿ ಸಣ್ಣ ಕೊಳವೆಯಂಥ ಬಾಲ ಬಿಡಬೇಕು. ಬಿಡಲಿಲ್ಲ. ಬಣ್ಣದ ಪ್ಲೇಟಿಗೆ ಹಾಕಿದರು. ಅದರಲ್ಲಿ ಅಲ್ಬಿಕಾನ್ಸ್ ಹಸಿರು, ಕ್ರುಸಿ ಒರಟು ಗುಲಾಬಿ, ಟ್ರಾಪಿಕಾಲಿಸ್ ಉಕ್ಕಿನಂಥ ನೀಲಿ. 21ನೇ ದಿನ ಪ್ಲೇಟ್ ನೀಲಿಯಾಗಿತ್ತು. ಕ್ಯಾಂಡಿಡಾ ಟ್ರಾಪಿಕಾಲಿಸ್. ಯಂತ್ರವೂ ಅದನ್ನೇ ಹೇಳಿತು. ಔಷಧಿಗಳ ಪರೀಕ್ಷೆಯಲ್ಲಿ ಫ್ಲುಕೋನಜೋಲ್‌ನ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) 8 ಬಂತು. ಅಂದರೆ ಈ ಫಂಗಸ್ ಅದಕ್ಕೆ ಬಗ್ಗುವುದಿಲ್ಲ. ಆಂಫೋಟೆರಿಸಿನ್‌ಗೆ 0.5, ಅಂದರೆ ಅದು ನಾಟುತ್ತದೆ. 17ನೇ ದಿನ ಫ್ಲುಕೋನಜೋಲ್ ಆರಿಸಿಕೊಂಡಿದ್ದರೆ ಈ ರಿಪೋರ್ಟ್ ಬರುವವರೆಗೂ ಮಗು ಔಷಧಿಯೇ ಇಲ್ಲದಂತೆ ಇರುತ್ತಿತ್ತು.

ಜಾತಿ ತಿಳಿಯುವುದು ಯಾಕೆ ಇಷ್ಟು ಮುಖ್ಯ ಅಂತ ಇನ್ನೊಂದು ಉದಾಹರಣೆ ಹೇಳಿಬಿಡುತ್ತೇನೆ. ಕ್ಯಾಂಡಿಡಾ ಆರಿಸ್ ಅನ್ನುವುದನ್ನು 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ಮೊದಲು ಗುರುತಿಸಿದರು. ಹೆಸರಿನ ಅರ್ಥವೇ ಕಿವಿ. ಕೆಲವೇ ವರ್ಷಗಳಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲೂ ಕಾಣಿಸಿತು. ಹಲವು ಔಷಧಿಗಳಿಗೆ ಜಗ್ಗುವುದಿಲ್ಲ, ಮಂಚ ಮೇಜುಗಳ ಮೇಲೂ ಬದುಕುತ್ತದೆ. ಆದರೆ ಮೊದಮೊದಲು ಲ್ಯಾಬ್ ಯಂತ್ರಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹಾಗಾಗಿ ಹೀಮುಲೋನಿ ಅಂತ ಬೇರೆ ಹೆಸರು ಬರುತ್ತಿತ್ತು. ಇವತ್ತು ಮಾಲ್ಡಿ-ಟಾಫ್ ಯಂತ್ರ ಇರುವ ಕಡೆ ಅದನ್ನು ನಿಮಿಷಗಳಲ್ಲಿ ಗುರುತಿಸುತ್ತಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಹೊರಡಿಸಿದಾಗ ಆರಿಸ್, ಅಲ್ಬಿಕಾನ್ಸ್ ಎರಡೂ ಅತಿ ಗಂಭೀರ ಗುಂಪಿನಲ್ಲಿದ್ದವು. ನಮ್ಮ ಟ್ರಾಪಿಕಾಲಿಸ್ ಅದರ ಕೆಳಗಿನ ಗುಂಪಿನಲ್ಲಿತ್ತು.

ಕಿಡ್ನಿಯಲ್ಲಿ

19ರ ಕಲ್ಚರ್ ಪಾಸಿಟಿವ್. 21ರದೂ ಪಾಸಿಟಿವ್. ಲೈನ್ ತೆಗೆದಾಗಿದೆ, ಔಷಧಿ ಸರಿಯಾಗಿದೆ, ಆದರೂ ಫಂಗಸ್ ರಕ್ತಕ್ಕೆ ಬರುತ್ತಲೇ ಇದೆ ಅಂದರೆ ಎಲ್ಲೋ ಗೂಡು ಕಟ್ಟಿದೆ. ಹೃದಯದ ಎಕೋ ಮಾಡಿಸಿದೆವು, ಏನೂ ಇರಲಿಲ್ಲ. ಕಣ್ಣಿನ ಡಾಕ್ಟರ್ ಬಂದು ಪಾಪೆ ಹಿಗ್ಗಿಸಿ ನೋಡಿದರು, ಅಲ್ಲೂ ಇರಲಿಲ್ಲ. 18ನೇ ದಿನ ಮಾಡಿದ್ದ ಹೊಟ್ಟೆ ಸ್ಕ್ಯಾನ್ ಚೆನ್ನಾಗಿತ್ತು. 24ನೇ ದಿನ ಮತ್ತೆ ಮಾಡಿಸಿದಾಗ ಎಡ ಕಿಡ್ನಿಯಲ್ಲಿ, ಮೂತ್ರ ಕೂಡುವ ಜಾಗದಲ್ಲಿ, ಹತ್ತಿಯ ಉಂಡೆಯಂಥ ಸಣ್ಣ ಬಿಳಿ ಚುಕ್ಕೆ ಕಂಡಿತು. ಫಂಗಸ್‌ನ ಉಂಡೆ. ಮೂತ್ರಕ್ಕೆ ಅಡ್ಡ ಬಂದಿರಲಿಲ್ಲ, ಹಾಗಾಗಿ ಆಪರೇಷನ್ ಬೇಕಾಗಲಿಲ್ಲ.

ಒಮ್ಮೆ ಸ್ಕ್ಯಾನ್ ಆಗಿದೆ, ಚೆನ್ನಾಗಿದೆ ಅಂತ ಫೈಲ್‌ನಲ್ಲಿ ಬರೆದು ಸುಮ್ಮನಾಗಿದ್ದರೆ? ಅದೂ ಒಂದು "ಇಲ್ಲ"ವೇ, ಆ ದಿನಕ್ಕಷ್ಟೇ ಸರಿಯಾದ "ಇಲ್ಲ".

23ರ ಕಲ್ಚರ್ ಶುದ್ಧ. 25ರದೂ ಶುದ್ಧ. ಚಿಕಿತ್ಸೆಯ ಲೆಕ್ಕ ಶುರುವಾಗುವುದು ಮೊದಲ ಶುದ್ಧ ಕಲ್ಚರ್‌ನ ದಿನದಿಂದ, ಔಷಧಿ ಶುರು ಮಾಡಿದ ದಿನದಿಂದ ಅಲ್ಲ. ಅಲ್ಲಿಂದ 14 ದಿನ ಕನಿಷ್ಠ. ಕಿಡ್ನಿಯ ಉಂಡೆ ಕರಗಬೇಕಿದ್ದರಿಂದ ನಾವು 45ನೇ ದಿನದವರೆಗೂ ಕೊಟ್ಟೆವು. ನಡುವೆ ಪೊಟ್ಯಾಸಿಯಂ 2.6ಕ್ಕೆ ಇಳಿಯಿತು, ಕಿಡ್ನಿ ಬಳಲಿದರೆ ಏರುವ ಕ್ರಿಯಾಟಿನಿನ್ 0.5ರಿಂದ 0.9ಕ್ಕೆ ಏರಿತು. ಆಂಫೋಟೆರಿಸಿನ್ ಇವೆರಡನ್ನೂ ಮಾಡುತ್ತದೆ. ನೀರು, ಪೊಟ್ಯಾಸಿಯಂ ಸರಿಹೊಂದಿಸಿಕೊಂಡು ದಾಟಿದೆವು.

ದೂರದ ಲ್ಯಾಬ್‌ನಿಂದ ಗ್ಲೂಕನ್ ರಿಪೋರ್ಟ್ ಬಂದದ್ದು 20ನೇ ದಿನ. 164 ಪಿಕೋಗ್ರಾಂ. ಕೆಳಗೆ ಅಚ್ಚಾಗಿದ್ದ ಗೆರೆ 80, ಅಂದರೆ ಪಾಸಿಟಿವ್. ಆದರೆ ಆ 80 ದೊಡ್ಡವರ ಲೆಕ್ಕ. ಸೋಂಕು ಇಲ್ಲದ ನವಜಾತ ಶಿಶುಗಳಲ್ಲೂ ಗ್ಲೂಕನ್ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅದಕ್ಕೇ ಇವರಿಗೆ ಗೆರೆಯನ್ನು 125ರ ಆಸುಪಾಸು ಎಳೆಯಬೇಕು ಅಂತ ಅಧ್ಯಯನಗಳು ಸೂಚಿಸಿವೆ. ಈ ಮಗುವಿನ 164 ಆ ಗೆರೆಯನ್ನೂ ದಾಟಿತ್ತು, ಆದರೆ ಹಿಂದೆ ಕೊಟ್ಟ ರಕ್ತದ ಪಾಲು ಅದರಲ್ಲಿ ಎಷ್ಟು ಅಂತ ಯಾರು ಹೇಳುತ್ತಾರೆ? ಅಷ್ಟರಲ್ಲಿ ಬಾಟಲಿ ಬೀಪ್ ಆಗಿ ಎರಡು ದಿನವಾಗಿತ್ತು. ಹಾಗಾಗಿ ಈ ರಿಪೋರ್ಟ್‌ನಿಂದ ನಮ್ಮ ಯಾವ ತೀರ್ಮಾನವೂ ಬದಲಾಗಲಿಲ್ಲ. ನನ್ನ ಅನುಭವದಲ್ಲಿ ಈ ಪರೀಕ್ಷೆಯ ಬೆಲೆ ಇನ್ನೊಂದು ಕಡೆ ಇದೆ. ಕಲ್ಚರ್ ಎರಡೂ ಖಾಲಿ, ಮೂತ್ರ ಖಾಲಿ, ಮಗು ಚೇತರಿಸಿದೆ, ಗ್ಲೂಕನ್ ಕೂಡ ತುಂಬಾ ಕಡಿಮೆ ಅಂದಾಗ, ಕಿಡ್ನಿ ಕೆಡಿಸುವ ಔಷಧಿಯನ್ನು ನಿಲ್ಲಿಸಲು ಅದು ಧೈರ್ಯ ಕೊಡುತ್ತದೆ.

ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕ ಟಿ2ಕ್ಯಾಂಡಿಡಾ ಅನ್ನುವ ಪರೀಕ್ಷೆ ಇದೆ. ಕಲ್ಚರ್‌ಗೆ ಕಾಯದೆ ನೇರವಾಗಿ ರಕ್ತದಲ್ಲೇ ಐದು ಜಾತಿಯ ಕ್ಯಾಂಡಿಡಾವನ್ನು 3ರಿಂದ 5 ಗಂಟೆಯಲ್ಲಿ ಹುಡುಕುತ್ತದೆ. ಕೇಳಿದರೆ ಆಸೆಯಾಗುತ್ತದೆ. ಆದರೆ ಅದು ಮಾಮೂಲಿಯಾಗಿ ಕೇಳುವುದೇ ಕೆಲವು ಎಂಎಲ್ ರಕ್ತ. 73 ಎಂಎಲ್‌ನ ಮಗುವಿಗೆ ಮತ್ತೆ ಅದೇ ಲೆಕ್ಕ.

ಅಜ್ಜಿಗೆ ಹೇಳಬೇಕಿದ್ದ ಉಳಿದರ್ಧ

26ನೇ ದಿನ ರಕ್ತದ ಹಾಳೆ ತೆಗೆದು ಕೂಡಿದೆ. 15ರಿಂದ 25ನೇ ದಿನದವರೆಗೆ ಕಲ್ಚರ್‌ಗಳಿಗೆ 5.4 ಎಂಎಲ್, ಕಣ ಎಣಿಸಲು 1.5, ಕಿಡ್ನಿ ಮತ್ತು ಉಪ್ಪಿನಂಶಕ್ಕೆ 1.6, ಗ್ಲೂಕನ್‌ಗೆ 0.5, ಬ್ಲಡ್ ಗ್ಯಾಸ್‌ಗೆ 0.6. ಒಟ್ಟು 9.6 ಎಂಎಲ್. ಮೈಯಲ್ಲಿ ಇರುವ ರಕ್ತದ ಎಂಟನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

ಇದರಲ್ಲಿ ಪೂರ್ತಿ ದಂಡವಾದದ್ದು ಯಾವುದು? ಮೊದಲ 0.4. ಆ ಬಾಟಲಿ ಐದು ದಿನ ಯಂತ್ರದಲ್ಲಿದ್ದು "ಬೆಳವಣಿಗೆ ಇಲ್ಲ" ಅನ್ನುವ ಕೊನೆಯ ರಿಪೋರ್ಟ್ ಕೊಟ್ಟಿತು. ಆ ಹೊತ್ತಿಗೆ ಅದೇ ಮಗುವಿನ ಇನ್ನೊಂದು ಬಾಟಲಿಯಲ್ಲಿ ಫಂಗಸ್ ಬೆಳೆದು ಹೆಸರು ಹಿಡಿಸಿಕೊಳ್ಳುತ್ತಿತ್ತು. ನಡುವೆ ಎರಡು ದಿನದ ಅಂತರ ಇದೆ, ಆಗ ರಕ್ತದಲ್ಲಿ ಫಂಗಸ್ ಇನ್ನೂ ಕಡಿಮೆ ಇದ್ದಿರಬಹುದು, ಒಪ್ಪುತ್ತೇನೆ. ಆದರೆ ಕಡಿಮೆ ಇರುವಾಗಲೇ ಅಲ್ವಾ ಜಾಸ್ತಿ ರಕ್ತ ಬೇಕಾಗುವುದು? 0.6 ಎಂಎಲ್ ಉಳಿಸಲು ಹೋಗಿ ಎರಡು ದಿನ ಕಳೆದುಕೊಂಡೆವು. ಆ ಎರಡು ದಿನದಲ್ಲಿ ಫಂಗಸ್ ಕಿಡ್ನಿ ಸೇರಿಕೊಂಡಿತಾ ಅಂತ ನಾನು ಸಾಬೀತು ಮಾಡಲಾರೆ. ಆಮೇಲಿನ ಅಷ್ಟೂ ಸಲ ರಕ್ತ ತೆಗೆದದ್ದಕ್ಕೆ ಆ ತಡವೂ ಒಂದು ಕಾರಣ ಅಂತ ಮಾತ್ರ ನಂಬುತ್ತೇನೆ. ಕರುಣೆಯಿಂದಲೇ ಕಡಿಮೆ ತೆಗೆದೆವು. ಮಗುವಿಗೆ ಅದರಿಂದ ಒಳ್ಳೆಯದಾಗಲಿಲ್ಲ.

ಇದನ್ನೆಲ್ಲ ಅಜ್ಜಿಗೂ ತಾಯಿಗೂ ಕೂರಿಸಿಕೊಂಡು ಹೇಳಿದೆ. ತಾಯಿ ಏನೂ ಮಾತಾಡಲಿಲ್ಲ. ಅಜ್ಜಿ "ಆವತ್ತೇ ತೆಗೀಬೇಕಿತ್ತು ಅಂತೀರಾ?" ಅಂದರು. "ಹೌದು ಅಜ್ಜಿ" ಅಂದೆ.

ಆ ಕಿರಿಯ ಡಾಕ್ಟರ್ ಜೊತೆಗೂ ಮಾತಾಡಿದೆ. ತಪ್ಪು ಅವನದಲ್ಲ, ನೋಡಿಯೂ ಸುಮ್ಮನಿದ್ದ ನನ್ನದು. ಈಗ ನಮ್ಮಲ್ಲಿ ಬಾಟಲಿಗಳನ್ನು ಖಾಲಿ ಇದ್ದಾಗ ಒಮ್ಮೆ, ರಕ್ತ ಹಾಕಿದ ಮೇಲೆ ಒಮ್ಮೆ ತೂಗುತ್ತಾರೆ. ಮೊದಲ ತಿಂಗಳು ತೂಗಿದಾಗ ಅರ್ಧ ಎಂಎಲ್‌ಗಿಂತ ಕಡಿಮೆ ಇದ್ದವೇ ಜಾಸ್ತಿ. ಅದು ನನ್ನನ್ನು ಇನ್ನೊಂದು ಯೋಚನೆಗೆ ಹಚ್ಚಿತು. ಸಾವಿರ ಗ್ರಾಂಗಿಂತ ಚಿಕ್ಕ ಮಕ್ಕಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಮಂದಿಗೆ ಕ್ಯಾಂಡಿಡಾ ಬರುವ ಎನ್‌ಐಸಿಯುಗಳಲ್ಲಿ ಮುಂಚಿತವಾಗೇ ಫ್ಲುಕೋನಜೋಲ್ ಕೊಡಿ ಅಂತ 2016ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ ಅಂತ ನಾವು ಕೊಡುತ್ತಿರಲಿಲ್ಲ. ಅಷ್ಟಿಲ್ಲ ಅಂತ ಎಣಿಸಿದ್ದು ಅರ್ಧ ತುಂಬಿದ ಬಾಟಲಿಗಳಿಂದ! ಹಾಗಂತ ಈಗಲೇ ಎಲ್ಲರಿಗೂ ಶುರು ಮಾಡೋಣ ಅಂದರೆ, ನಮ್ಮಲ್ಲಿ ಸಿಕ್ಕ ಈ ಟ್ರಾಪಿಕಾಲಿಸ್‌ಗೆ ಅದೇ ಔಷಧಿ ನಾಟುತ್ತಿಲ್ಲ. ಮೊದಲು ಸರಿಯಾಗಿ ಎಣಿಸೋಣ ಅಂತ ನಿರ್ಧರಿಸಿದೆವು. ಮೆರೊಪೆನೆಮ್ ಅನ್ನು 48 ಗಂಟೆಗೆ ಮರುಪರಿಶೀಲಿಸುವುದು, ಲೈನ್ ಬೇಗ ತೆಗೆಯುವುದು, ಕೈ ತೊಳೆಯುವುದು ಇವಕ್ಕಂತೂ ಎಣಿಕೆ ಮುಗಿಯುವವರೆಗೆ ಕಾಯಬೇಕಿಲ್ಲ. ಚಂಡೀಗಢದ ದೊಡ್ಡ ಆಸ್ಪತ್ರೆಯಲ್ಲಿ 1996ರಿಂದ 1998ರ ನಡುವೆ ಪಿಚಿಯಾ ಅನೋಮಲಾ ಅನ್ನುವ ಯೀಸ್ಟ್ 379 ಶಿಶು ಮತ್ತು ಮಕ್ಕಳಿಗೆ ತಗುಲಿತ್ತು. ಅಲ್ಲಿನ ಡಾಕ್ಟರುಗಳೇ ಹುಡುಕಿ, ಅದೇ ಯೀಸ್ಟ್ ಸಿಬ್ಬಂದಿಯ ಕೈಗಳಲ್ಲೂ ಇತ್ತು ಅಂತ ಮುಚ್ಚಿಡದೆ ಬರೆದಿದ್ದಾರೆ. ನಮ್ಮ ಸಿಸ್ಟರ್‌ಗಳಿಗೂ ಡಾಕ್ಟರುಗಳಿಗೂ ಆ ಕಥೆ ಹೇಳಿದೆ.

ಮಗು 78ನೇ ದಿನ ಮನೆಗೆ ಹೋಯಿತು, 1,840 ಗ್ರಾಂ. ಹೋಗುವ ಮುಂಚೆ ಕಿವಿಯ ಪರೀಕ್ಷೆ ಪಾಸಾಗಿತ್ತು. ಅಕ್ಷಿಪಟಲದ ತಪಾಸಣೆ ಮುಂದುವರಿಯುತ್ತಿತ್ತು. ಮೊನ್ನೆ ಬಂದಿದ್ದರು. ಹುಟ್ಟಬೇಕಿದ್ದ ದಿನದಿಂದ ಎಣಿಸಿದರೆ ಈಗ ಎಂಟು ತಿಂಗಳು. ಅಜ್ಜಿಯ ತೊಡೆಯ ಮೇಲೆ ಆಸರೆಯಿಲ್ಲದೆ ಕೂರುತ್ತಾಳೆ, ನನ್ನ ಸ್ಟೆತಸ್ಕೋಪ್ ಎಳೆದು ಬಾಯಿಗೆ ಇಟ್ಟುಕೊಂಡಳು. ಕಿಡ್ನಿ ಸ್ಕ್ಯಾನ್ ಚೆನ್ನಾಗಿದೆ. ಕ್ರಿಯಾಟಿನಿನ್ ನೋಡಲು 1 ಎಂಎಲ್ ರಕ್ತ ಬೇಕಿತ್ತು. ಅಜ್ಜಿಯೇ ಕೈ ಹಿಡಿದುಕೊಂಡರು, ಒಂದೇ ಚುಚ್ಚಿಗೆ ಬಂತು. ಮುಂದಿನ ಸಲ ನಾಲ್ಕು ತಿಂಗಳು ಬಿಟ್ಟು ಬರಲು ಹೇಳಿದ್ದೇನೆ.